ಬೂದಿ ಹಚ್ಚಿದ ಬೆರಳು

ಈಗಲೂ ಗುಡಿಯಲ್ಲಿ ವಿಭೂತಿ ಕೈಗೆ ಬಿದ್ದರೆ ನನ್ನ ಹೆಬ್ಬೆರಳೂ ತೋರುಬೆರಳೂ ತಾವಾಗಿಯೇ ಹೊಸೆಯತೊಡಗುತ್ತವೆ. ಮತ್ತೊಮ್ಮೆ ಬದುಕಲು ಒಂದು ಹೊತ್ತು ಸಿಗುವುದಾದರೆ ನಾನು ಆ ಮಧ್ಯಾಹ್ನವನ್ನೇ ಕೇಳುತ್ತೇನೆ.

ಎಡಪ್ಪಾಡಿಯ ನಮ್ಮ ಮನೆಯಲ್ಲಿ ಮಗ್ಗದ ಹಾಸು ಮುಗಿದರೆ ಪೂರ್ತಿ ಬಿಚ್ಚುತ್ತಿರಲಿಲ್ಲ. ಬಾಚಣಿಗೆಯಂಥ ಹಣಿಗೆಯಲ್ಲಿ ಹಳೆಯ ಎಳೆಗಳ ತುದಿ ಉಳಿಸಿಕೊಂಡು, ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಅವಕ್ಕೆ ಹೊಸೆಯಬೇಕು. ಅದು ಅಮ್ಮನ ಕೆಲಸ. ಸೇಲಂ ಆಸ್ಪತ್ರೆಯಿಂದ ಬಂದು ಚಾಪೆ ಹಿಡಿದಿದ್ದವಳು ಆ ಮಧ್ಯಾಹ್ನ ಗೋಡೆ ಹಿಡಿದುಕೊಂಡು ಬಂದು ಮಗ್ಗದ ಮುಂದೆ ಕೂತಳು.

“ಡಾಕ್ಟ್ರು ಏಳಬ್ಯಾಡ ಅಂದವ್ರೆ. ಪಕ್ಕದ್ಮನೆಯೋರ್ನ ಕರೀತೀನಿ, ನೀ ಮಲಿಕ್ಕೋ,” ಎಂದರು ಅಪ್ಪ.

“ಪಾಪಾಗೆ ಯಾರು ಕಲಿಸ್ತಾರೆ?” ಎಂದಳು ಅಮ್ಮ, ನನ್ನ ಕಡೆ ನೋಡಿ.

ಅಪ್ಪ ಹೊರಗೆ ಹೋದರು.

ಎಳೆ ಜಾರದಿರಲೆಂದು ಅಮ್ಮ ಒಲೆಯ ನುಣ್ಣನೆಯ ಬೂದಿಯನ್ನು ನನ್ನ ಬೆರಳಿಗೆ ಹಚ್ಚಿ, ಮೇಲೆ ತನ್ನ ಬೆರಳಿಟ್ಟು ಹೊಸೆಯುವುದನ್ನು ಕಲಿಸಿದಳು. ಅವಳ ಕೈ ಸುಡುತ್ತಿತ್ತು. ನನಗೋ, ಸ್ಕೂಲು ತಪ್ಪಿತೆಂದು, ಅಮ್ಮ ನನ್ನೊಬ್ಬಳಿಗೇ ಸಿಕ್ಕಳೆಂದು ಹಿಗ್ಗೋ ಹಿಗ್ಗು.

“ಗಂಟು ಆಕ್ಬಿಡ್ಲಾ ಅಮ್ಮಾ? ಬಿಟ್ಟೋದ್ರೆ?”

“ಗಂಟು ಹಣಿಗೆ ಹಲ್ಲಲ್ಲಿ ಸಿಕ್ಕಂತೈತೆ, ನನ್ ಕಣ್ಣು. ಸರಿಯಾಗಿ ಒಸೆದ್ರೆ ಬಿಡಲ್ಲ.”

ಆ ಹಾಸು ಎಷ್ಟೋ ದಿನ ಹಾಗೆಯೇ ಬಿದ್ದಿತ್ತು. ತಿಥಿಗೆ ಬಂದ ನೆಂಟರೆಲ್ಲ ಹೊರಟುಹೋದ ಮೇಲೆ ಅಪ್ಪ ಮಗ್ಗಕ್ಕೆ ಕೂತು, ನಾವು ಹೊಸೆದಿದ್ದ ಎಳೆಗಳನ್ನು ಹಣಿಗೆಯ ಹಲ್ಲುಗಳ ನಡುವಿನಿಂದ ಮೆಲ್ಲಗೆ ಎಳೆದುಕೊಂಡರು. ಬಹಳ ಹೊತ್ತು ಬಗ್ಗಿ ನೋಡಿದರು. ಆಮೇಲೆ ಮೂಲೆಯಲ್ಲಿ ಸುತ್ತಿಟ್ಟಿದ್ದ ಅಮ್ಮನ ಚಾಪೆಯ ಕಡೆ ತಿರುಗಿದರು.

“ಒಂದೆಳೆನೂ ಬಿಟ್ಟಿಲ್ಲ ಕಣೇ. ಪಾಪಾ ಕಲ್ತವಳೆ.”