ಕಿಟಕಿಯಿಲ್ಲದ ವಿಮಾನ

ಮುರುಗೇಶ ವಿಮಾನವನ್ನು ಕೈಗೆತ್ತಿಕೊಂಡು ಮೇಲೆ ಕೆಳಗೆ, ಹಿಂದೆ ಮುಂದೆ ಎಲ್ಲ ಹುಡುಕಿದ. ಕಿಟಕಿ ಸಿಗಲಿಲ್ಲ. ಮೊಳದುದ್ದದ ಮರದ ವಿಮಾನ. ರೆಕ್ಕೆ, ಬಾಲ ಎಲ್ಲ ಸರಿಯಾಗಿಯೇ ಇದ್ದವು.

"ಇದರಾಗ ಸಾವ್ಕಾರ್ರು ಎಲ್ಲಿ ಕುಂದ್ರಬೇಕ್ರಿ?"

"ಯಾರೂ ಕೂಡಂಗಿಲ್ಲ," ಎಂದರು ಕಮಲಾಕರರಾಯರು, ಕೈಯಲ್ಲಿದ್ದ ಉಪ್ಪುಕಾಗದ ಕೆಳಗಿಡದೆ.

ಸಂಡೂರಿನ ಗಣಿ ಸಾಹುಕಾರರ ಹೊಸ ಮನೆಯ ಗೃಹಪ್ರವೇಶ ಹತ್ತಿರವಿತ್ತು. ಅವರಿಗೆ ಆಕಾಶದ ಹುಚ್ಚು. ಊರ ಮಂದಿಯೆಲ್ಲ ಉಡುಗೊರೆಗೆಂದು ಬೆಳ್ಳಿಯ ಹೆಲಿಕಾಪ್ಟರ್ ಮಾಡಿಸಲು ಕೊಟ್ಟಿದ್ದಾರೆಂದು ಕೇಳಿ, ಮುರುಗೇಶ ತಾನಾದರೂ ವಿಮಾನ ಕೊಡೋಣವೆಂದು ಹೊರಟ. ಹೊಸಪೇಟೆಯಲ್ಲಿ ವಿಮಾನ ಬಲ್ಲವರೆಂದರೆ ಬೆಂಗಳೂರಿನ ವಿಮಾನ ಕಾರ್ಖಾನೆಯೊಂದರಿಂದ ನಿವೃತ್ತರಾಗಿ ಬಂದ ರಾಯರೊಬ್ಬರೇ. ಎಂಥ ವಿಮಾನ ಎಂದು ಇವನು ಹೇಳಲಿಲ್ಲ, ಅವರು ಕೇಳಲಿಲ್ಲ. ಅವರು ತಮ್ಮ ಸರ್ವೀಸಿನುದ್ದಕ್ಕೂ ಮಾಡಿದ್ದು ಒಂದೇ ಬಗೆಯ ವಿಮಾನ. ಅದರ ಮಾದರಿ ಯಾವ ಆಟಿಕೆ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಒಬ್ಬರಾದರೂ ಕೇಳಿದರಲ್ಲ ಎಂಬ ಸಂತೋಷಕ್ಕೆ ರಾಯರು ನೆನಪಿನಿಂದಲೇ ಅಳತೆ ತೆಗೆದು, ತಿಂಗಳುಗಟ್ಟಲೆ ಕೂತು ಕೆತ್ತಿದ್ದರು.

ನಾಲ್ಕು ಕಿಟಕಿಯನ್ನಾದರೂ ಕೊರೆದುಕೊಡಿ ಎಂದು ಮುರುಗೇಶ ಗೋಗರೆದ. ಯಾವ ಮಾತಿಗೂ ಹೂಂ ಅನ್ನುವ ರಾಯರು ಇದಕ್ಕೆ ಮಾತ್ರ ಒಪ್ಪಲಿಲ್ಲ. ಇದು ಗುರಿವಿಮಾನ, ನಡೆಸುವವನು ನೆಲದ ಮೇಲೆ ನೆರಳಲ್ಲಿ ಕೂತಿರುತ್ತಾನೆ, ಅವನು ತಿರುಗಿಸಿದತ್ತ ಇದು ತಿರುಗುತ್ತದೆ, ಸೈನ್ಯದವರು ಇದಕ್ಕೆ ಗುಂಡು ಹೊಡೆದು ಹೊಡೆದು ಕೈ ಪಳಗಿಸಿಕೊಳ್ಳುತ್ತಾರೆ ಎಂದು ವಿವರಿಸಿದರು. ತಾವು ಮಾಡಿದವುಗಳಲ್ಲಿ ಒಂದೂ ಉಳಿದಿಲ್ಲವೆಂದು ಹೇಳುವಾಗ ಅವರ ದನಿಯಲ್ಲಿ ಹೆಮ್ಮೆಯಿತ್ತು.

"ಇದು ಹೊಡಿಸ್ಕೊಂಡ್ರ, ನಡೆಸೋವಂಗ ಏನೂ ಆಗಂಗಿಲ್ಲೇನ್ರಿ?"

"ಅವಗೇನಾಗ್ತದ? ಚಾ ಕುಡೀತಿರ್ತಾನ. ಅದಕ್ಕಂತನೇ ಇದನ್ನ ಮಾಡೋದು."

ಮುರುಗೇಶ ವಿಮಾನವನ್ನು ಮೆಲ್ಲಗೆ ಕೆಳಗಿಟ್ಟ. ಮೊನ್ನೆ ಮೊನ್ನೆಯವರೆಗೆ ಅವನು ಸಾಹುಕಾರರ ಕಾರಿನ ಡ್ರೈವರು. ಈಗ ಚೋರನೂರು ಕಡೆಯ ಗಣಿಯೊಂದಕ್ಕೆ ಅವನೇ ಮಾಲೀಕ. ಮಾಲೀಕನೆಂದರೆ ಸಾಹುಕಾರರು ಬೆರಳು ತೋರಿಸಿದಲ್ಲಿ ಸಹಿ ಹಾಕುವುದು, ಅಷ್ಟೇ. ಗಡಿಕಲ್ಲು ಕಿತ್ತು ಕಾಡಿನೊಳಗೆ ಅಗೆದವರು ಯಾರೆಂದು ಅಧಿಕಾರಿಗಳು ವಿಚಾರಿಸಲು ಶುರುಮಾಡಿದ್ದರು. ಕಾಗದಪತ್ರಗಳಲ್ಲಿ ಸಾಹುಕಾರರ ಹೆಸರು ಎಲ್ಲೂ ಇರಲಿಲ್ಲ. ಮಾಲೀಕನಾದ ಅವನ ಭಾಗ್ಯ ಕಂಡು ಗೆಳೆಯರು ಹೊಟ್ಟೆ ಉರಿದುಕೊಂಡಿದ್ದರು. ಹೆಂಡತಿ ತ್ರಿವೇಣಿ ಹುಲಿಗೆಮ್ಮನಿಗೆ ಸೀರೆ ಏರಿಸಿ ಬಂದಿದ್ದಳು. ಅಷ್ಟು ಮಂದಿ ಆಳುಗಳಲ್ಲಿ ಸಾಹುಕಾರರು ತನ್ನನ್ನೇ ಯಾಕೆ ಆರಿಸಿದರೆಂದು ಅವನು ಒಮ್ಮೆಯೂ ಯೋಚಿಸಿರಲಿಲ್ಲ. ಈಗ ಯೋಚನೆ ಬಂತು, ಜೊತೆಗೆ ಹೆದರಿಕೆಯೂ ಬಂತು.

ಲಾರಿಗಳ ಅದಿರುಧೂಳು ಹಸಿಬಣ್ಣಕ್ಕೆ ಅಂಟದಿರಲೆಂದು ರಾಯರು ಬಾಗಿಲು ಮುಚ್ಚಿ, ಡಬ್ಬಿ ತೆರೆದರು. ಕಣ್ಣಿಗೆ ರಾಚುವ ಕಿತ್ತಳೆ ಬಣ್ಣ. ಇಷ್ಟು ಝಗಮಗ ಯಾಕೆಂದು ಮುರುಗೇಶ ಕೇಳಿದ.

"ಹೊಡೆಯೋರಿಗೆ ಗುರಿ ತಪ್ಪಬಾರದಲ್ಲ," ಎಂದರು ರಾಯರು.

ಒಣಗಿದ ಮೇಲೆ ಬರುತ್ತೇನೆಂದು ಅವನು ಎದ್ದುಹೋದ. ಬಸ್‌ಸ್ಟ್ಯಾಂಡಿನ ಮುಂದೆ ಸಾಹುಕಾರರ ಆಳು ಹುಲುಗಪ್ಪ ಏಣಿ ಹತ್ತಿ ದೊಡ್ಡದೊಂದು ಫ್ಲೆಕ್ಸ್ ಕಟ್ಟುತ್ತಿದ್ದ. 'ಯುವ ಗಣಿ ಉದ್ಯಮಿ' ಎಂಬ ಅಕ್ಷರಗಳ ಕೆಳಗೆ ಕೈಮುಗಿದು ನಿಂತ ಮುರುಗೇಶ. ಮುಖವೊಂದೇ ಬಾಗಿಲಿಗಿಂತ ದೊಡ್ಡದಿತ್ತು. ಸಾಹುಕಾರರೇ ಖರ್ಚು ಹಾಕಿ ಮಾಡಿಸಿದ್ದಂತೆ.

"ಸಾವ್ಕಾರ್ರ ಫೋಟೋ ಎಲ್ಲೈತೋ?" ಎಂದ ಮುರುಗೇಶ.

"ತಮ್ದು ಬ್ಯಾಡ ಅಂತ ಸಾವ್ಕಾರ್ರ ಅಂದಾರ್ರಿ," ಹುಲುಗಪ್ಪ ಮೇಲಿನಿಂದಲೇ ಹಗ್ಗ ಬಿಗಿಯುತ್ತ ಹೇಳಿದ. "ಎತ್ತಾಗಿಂದ ನೋಡಿದ್ರೂ ನಿಮ್ದೊಂದ ಕಾಣ್ಬೇಕಂತ."