ಹೊಟ್ಟೆ ಇರುವ ಕವಚ

ಕವಚದ ಮೇಲೆ ಮೂರನೆಯ ಏಟೂ ಬಿತ್ತು. ಒಳಗಿದ್ದ ಮನೋಹರ್ ಮಹಾರಾಜರು ಜಗ್ಗಲಿಲ್ಲ.

"ಒಂಚೂರೂ ನೋವಾಗ್ಲಿಲ್ರಿ ಮೇಷ್ಟ್ರೇ, ಹಾಕ್ರಿ ಇನ್ನೊಂದು!" ಎಂದು ಎದೆಯುಬ್ಬಿಸಿದರು. ಮಹಾರಾಜರೆಂದರೆ ವಾರದ ಆರು ದಿನ ಸಂಡೂರಿನ ಅದಿರು ಸಾಗಿಸುವ ನಾಲ್ಕು ಲಾರಿಗಳ ಮಾಲೀಕರು. ಭಾನುವಾರ ಮಾತ್ರ, ಕಂಪ್ಲಿ ರಸ್ತೆಯ ಮಾವಿನ ತೋಪಿನಲ್ಲಿ, 'ಕರಡಿದುರ್ಗ' ಎಂಬ ಎಲ್ಲೂ ಇಲ್ಲದ ರಾಜ್ಯದ ಅರಸರು. ಹೊಸಪೇಟೆಯ ಇಪ್ಪತ್ತು ಮೂವತ್ತು ಮಂದಿ ಸೇರಿ, ಹಳೇ ಕಾಲದ ವೇಷ ತೊಟ್ಟು ಮರದ ಕತ್ತಿ ಹಿಡಿದು ಕಾದಾಡುವ ಬಳಗವೊಂದನ್ನು ಕಟ್ಟಿಕೊಂಡಿದ್ದರು. ಅವತ್ತು ಆ ಬಳಗದ ಕೈಕಸುಬಿನ ಸ್ಪರ್ಧೆ. ಅಂಗಡಿಯಿಂದ ತಂದದ್ದು ನಡೆಯದು, ಮಿಷಿನ್ ಹೊಲಿಗೆಯೂ ನಡೆಯದು.

ಏಟು ಹಾಕುತ್ತಿದ್ದವರು ತೀರ್ಪುಗಾರ ಮರುಳಸಿದ್ದಪ್ಪ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಕವಚ ಹೊಲಿದವಳು ಚಿತ್ತವಾಡ್ಗಿಯ ಪಂಪಾವತಿ. ಅವಳಿಗೆ ಈ ಸಲ ಗೆಲ್ಲಲೇಬೇಕಿತ್ತು. ಗೆದ್ದವರು ಮುಂದಿನ ವರ್ಷವಿಡೀ ಯಾವ ಪಾತ್ರ ಬೇಕಾದರೂ ಆರಿಸಿಕೊಳ್ಳಬಹುದು. ಅವಳ ಕಣ್ಣು ದಂಡನಾಯಕಿಯ ಪಾತ್ರದ ಮೇಲೆ. ಮೂರು ವರ್ಷದಿಂದ ದಾಸಿಯಾಗಿ ಚಾಮರ ಬೀಸಿ ಬೀಸಿ ರಟ್ಟೆ ಬಿದ್ದುಹೋಗಿತ್ತು. ಅತ್ತ ಯುದ್ಧ ನಡೆಯುತ್ತಿದ್ದರೂ ಇತ್ತ ಇವಳು ಬೀಸುವುದೇ! ಯಾವ ಊರಿನ ನ್ಯಾಯ ಅದು?

"ಏಳು ಪದರ ಅರಿವಿ, ಒಂದೂ ಹೊಲಿಗಿ ಬಿಚ್ಚಿಲ್ಲ ನೋಡು. ಯಾರು ಕಲಿಸಿದ್ರವ್ವಾ?" ಮೇಷ್ಟ್ರು ಬೆರಗಾಗಿ ಕೇಳಿದರು.

"ನಮ್ಮವ್ವ ಹಳೇ ಸೀರಿ ಪದರ ಹಾಕಿ ಹೊದಿಯೋ ಕೌದಿ ಹೊಲೀತಾಳ್ರಿ. ಅದರಂಗನ ಹೊಲ್ದೀನ್ರಿ."

ಮೇಷ್ಟ್ರು ಅಂಕ ಬರೆಯಲು ಪೆನ್ನು ತೆಗೆದರು. ಅಷ್ಟರಲ್ಲಿ ತೋಪಿನ ಪಕ್ಕದ ಬಂಡೆಯಿಂದ ಒಂದು ಗಡವ ಮಂಗ ಇಳಿದುಬಂತು. ಅದು ಬೇರೆ ಯಾರನ್ನೂ ಕಣ್ಣೆತ್ತಿ ನೋಡಲಿಲ್ಲ. ಮೂಗು ಅರಳಿಸುತ್ತ ನೇರವಾಗಿ ಮಹಾರಾಜರ ಬಳಿ ಹೋಗಿ, ಸೊಂಟವನ್ನು ಅಪ್ಪಿಕೊಂಡು, ಕವಚದ ಎಡ ಮೂಲೆಯ ಹೊಲಿಗೆಯನ್ನು ಹಲ್ಲಿನಿಂದ ಕೀಳತೊಡಗಿತು.

"ಅಯ್ಯಯ್ಯಪ್ಪೋ! ಬಿಡಿಸ್ರಲೇ ಯಾರಾದ್ರೂ!"

ಮಹಾರಾಜರು ಕತ್ತಿ ಬಿಸಾಕಿ ಓಡಿದರು. ಓಡಿದವರು ಸುಮ್ಮನಿರದೆ ಮಾವಿನ ಮರ ಹತ್ತಿದರು. ಮಂಗನಿಂದ ತಪ್ಪಿಸಿಕೊಳ್ಳಲು ಮರ ಹತ್ತಿದ ಅರಸರು ಜಗತ್ತಿನಲ್ಲಿ ಇವರೊಬ್ಬರೇ ಇರಬೇಕು. ಮಂಗನಿಗಂತೂ ಮನೆಗೆ ಬಂದಷ್ಟು ಅನುಕೂಲವಾಯಿತು. ಕೊಂಬೆಯ ಮೇಲೆ ಕೂತು ಸಾವಕಾಶವಾಗಿ ಮೂಲೆ ಹರಿದು, ಒಳಗಿನಿಂದ ಏನನ್ನೋ ತೆಗೆದು ಬಾಯಿಗೆ ತುರುಕಿಕೊಂಡು ಬಂಡೆಗೆ ಹಾರಿತು. ನೆರೆದವರು ಹೊಟ್ಟೆ ಹಿಡಿದು ನಕ್ಕರು.

"ಏನಿಟ್ಟಿದ್ಯವ್ವಾ ಅದರಾಗ?" ಮೇಷ್ಟ್ರು ಕೇಳಿದರು.

"ಹೋಳಿಗಿ ತುಣುಕ್ರಿ," ಎಂದಳು ಪಂಪಾವತಿ, ತಲೆ ತಗ್ಗಿಸಿ. "ಕೌದಿ ಮುಗಿಸೋ ಮುಂದ ಒಂದು ಮೂಲಿ ಬಿಟ್ಟಿರ್ತೀವ್ರಿ. ಅದು ಕೌದಿ ಹೊಟ್ಟಿ. ಅದಕ್ಕ ಉಣ್ಣಾಕ ಏನರ ಇಟ್ಟು ಹೊಲೀಬೇಕು. ನಮ್ಮ ಮೈ ಕಾಯೋದು ತಾನು ಉಪಾಸ ಇರಬಾರದಲ್ರಿ?"

ಮರದಿಂದ ಜಾರಿ ಇಳಿದ ಮಹಾರಾಜರ ಪಂಚೆ ಎರಡು ಕಡೆ ಹರಿದಿತ್ತು, ಸಿಟ್ಟು ನೆತ್ತಿಗೇರಿತ್ತು. ಕವಚ ಬಿಚ್ಚಿ ಎಸೆದರು. "ಕವಚದಾಗ ಹೋಳಿಗಿ ಇಡ್ತಾರೇನ್ರಿ ಯಾರಾದ್ರೂ? ನನ್ನ ಜೀವಾನ ಹೋಗ್ತಿತ್ತು! ಈಕಿನ್ನ ಸ್ಪರ್ಧೆಯಿಂದ ತೆಗೀರಿ ಮೇಷ್ಟ್ರೇ!"

ಮೇಷ್ಟ್ರು ಹುಡುಗಿಯ ಮುಖ ನೋಡಿ ಮೆತ್ತಗಾದರು. "ಹರಿದ ಕವಚಕ್ಕ ಬಹುಮಾನ ಇಲ್ಲವ್ವಾ, ನಿಯಮ ಐತಿ. ಆದ್ರ ಇನ್ನೂ ಹೊತ್ತೈತಿ. ಹರಿದದ್ದು ಹೊಲ್ದು ಕೊಡು, ಮತ್ತೊಮ್ಮೆ ಪರೀಕ್ಷೆ ಮಾಡೋಣು. ಹೊಟ್ಟಿ ಮಾತ್ರ ಖಾಲಿ ಬಿಡು. ಗೆದ್ದಂಗನ ತಿಳ್ಕೋ."

ಪಂಪಾವತಿ ಸೂಜಿಗೆ ದಾರ ಪೋಣಿಸಿದಳು. ಹೆಚ್ಚೆಂದರೆ ಹತ್ತು ಹೊಲಿಗೆಯ ಕೆಲಸ. ಅಷ್ಟು ಹಾಕಿದರೆ ದಂಡನಾಯಕಿ. ಹರಿದ ಮೂಲೆಯೊಳಗೆ ಬೆರಳು ಹಾಕಿ ನೋಡಿದಳು. ಬರಿದಾಗಿತ್ತು. ಮೂರು ತಿಂಗಳು ಕೂತು ಹೊಲಿದದ್ದನ್ನು ಹೀಗೆ ಹಸಿದುಕೊಂಡು ಇರು ಅನ್ನುವುದಕ್ಕೆ ಅವಳಿಗೆ ಮನಸ್ಸೇ ಬರಲಿಲ್ಲ. ಬುತ್ತಿ ಬಿಚ್ಚಿ, ಜೋಳದ ರೊಟ್ಟಿಯ ಒಂದು ತುಂಡು ಮುರಿದು, ಸ್ವಲ್ಪ ಶೇಂಗಾ ಚಟ್ನಿಯನ್ನೂ ಹಚ್ಚಿ ಒಳಗಿಟ್ಟು ಹೊಲಿಯತೊಡಗಿದಳು.

ಮೇಷ್ಟ್ರು ಹಣೆ ಚಚ್ಚಿಕೊಂಡರು. "ಹುಚ್ಚಿ ಅದಿಯೇನ? ಮತ್ತ ಮಂಗ್ಯಾ ಬರ್ತೈತಿ! ಈ ಸಲ ಹರೀತಂದ್ರ ನನ್ನ ಕೈಯಾಗ ಏನೂ ಇಲ್ಲ ನೋಡು."

"ಗೊತ್ತೈತ್ರಿ."

"ನಾ ಅಂತೂ ಹಾಕ್ಕೊಳ್ಳಾಂಗಿಲ್ಲಪ್ಪೋ!" ಮಹಾರಾಜರು ಎರಡು ಹೆಜ್ಜೆ ಹಿಂದೆ ಸರಿದರು.

"ಬ್ಯಾಡ್ ಬಿಡ್ರಿ. ನಾನ ಹಾಕ್ಕೋತೀನಿ."

ಬಂಡೆಯ ಮೇಲೆ ಈಗ ಗಡವನ ಪಕ್ಕ ಅದರ ಬಳಗವೇ ಬಂದು ಕೂತಿತ್ತು. ಪಂಪಾವತಿ ದಾರ ಕಚ್ಚಿ ಹರಿದಳು. ಕವಚ ತೊಟ್ಟು ಲಾಡಿ ಬಿಗಿದು, ಕೆಮ್ಮಣ್ಣಿನಲ್ಲಿ ಬಿದ್ದಿದ್ದ ಮಹಾರಾಜರ ಕತ್ತಿಯನ್ನು ಎತ್ತಿಕೊಂಡು ಬಂಡೆಯತ್ತ ಮುಖ ಮಾಡಿ ನಿಂತಳು. ಮಂಗಗಳು ಒಂದೊಂದಾಗಿ ಇಳಿದವು. ಅವಳು ಇದ್ದ ಜಾಗದಿಂದ ಕದಲಲಿಲ್ಲ.

ಮರುಳಸಿದ್ದಪ್ಪ ಮೇಷ್ಟ್ರು ಅಂಕದ ಹಾಳೆಯನ್ನು ಮಡಚಿ ಜೇಬಿಗೆ ತುರುಕಿದರು. ನೆಲದ ಮೇಲಿದ್ದ ಕೋಲೊಂದನ್ನು ಹೆಕ್ಕಿಕೊಂಡು, ಪಂಚೆ ಎತ್ತಿ ಕಟ್ಟಿ, ಅವಳ ಹತ್ತಿರ ಬಂದರು.

"ನಾ ಎಡಕ್ಕ ನಿಂದರ್ಲೋ, ಬಲಕ್ಕ ನಿಂದರ್ಲೋ?" ಎಂದು ಕೇಳಿದರು. "ಜಲ್ದಿ ಅಪ್ಪಣಿ ಕೊಡ್ರಿ."