ಬಂಡೆಯ ಮೇಲಿನ ಬಟ್ಟೆ

ದೋಣಿ ನಿಲ್ಲಿಸಿ ಉಳಿದವರೆಲ್ಲ ಬುತ್ತಿ ಬಿಚ್ಚಿದರೆ, ವೆಂಕೋಬರಾಯರು ಕಾಡಿನ ಮರೆಯಲ್ಲಿದ್ದ ಬಿಸಿನೀರಿನ ಬುಗ್ಗೆಗೆ ಬಂದರು. ಹೊಳೆಯ ಪಯಣಕ್ಕೆ ಇಷ್ಟೇ ಸಾಕೆಂದು ಉಟ್ಟು ಬಂದಿದ್ದ ಮಾಸಿದ ಪಂಚೆ, ತೂತುಬಿದ್ದ ಬನಿಯನ್ ಎಲ್ಲವನ್ನೂ ಬುಗ್ಗೆಯ ಪಕ್ಕದಲ್ಲೇ ಇದ್ದ ಹೊಳೆಯಂಚಿನ ಬಂಡೆಯ ಮೇಲಿಟ್ಟು ಬುಗ್ಗೆಗಿಳಿದರು.

ಅಷ್ಟರಲ್ಲಿ ಇನ್ನೊಂದು ದೋಣಿಯ ಹೆಂಗಸರು ಬಂದು ಬುಗ್ಗೆಯ ಸುತ್ತ ಕೂತು ಹರಟೆಗೆ ತೊಡಗಿದರು. ದಟ್ಟ ಹಬೆಯ ಮರೆಯಲ್ಲಿ ಯಾರ ಕಣ್ಣಿಗೂ ಬೀಳದೆ ಕುತ್ತಿಗೆವರೆಗೆ ಮುಳುಗಿದ್ದ ರಾಯರಿಗೆ ಏಳುವಂತಿಲ್ಲ, ಕೂರುವಂತಿಲ್ಲ, ಮೈ ಬೇಯುತ್ತಿತ್ತು.

“ಹೊರಟ್ವಿ, ಬನ್ರೀ!” ರಾಯರ ದೋಣಿಯವನು ಕೂಗಿದ.

ರಾಯರು ಅಂಗಲಾಚಿದರು: “ತಾಯಿ, ಸ್ವಲ್ಪ ಆ ಕಡೆ ಹೋದ್ರೆ ಬಟ್ಟೆ ಹಾಕ್ಕೋತೀನಿ.”

ಹೆಂಗಸರು ಮುಖ ಮುಖ ನೋಡಿಕೊಂಡರು.

“ಆ ಬಂಡೆ ಮೇಲಿದ್ದದ್ದು ನಿಮ್ದಾ?”

“ಹೌದು ತಾಯಿ.”

ಹಿರಿಯಾಕೆ ಕೆನ್ನೆ ಬಡಿದುಕೊಂಡಳು.

“ಯಾರೋ ತೀರ್ಥಸ್ನಾನ ಮಾಡಿ ಬಿಟ್ಟುಹೋದ ಹಳೇ ಬಟ್ಟೆ ಅಂತ, ಆಗಲೇ ಕೈಮುಗಿದು ಹೊಳೆಗೆ ತೇಲಿಬಿಟ್ವಲ್ಲ, ಸ್ವಾಮಿ!”